ಕಂಪನಿ ದಿವಾಳಿ ಆಯ್ತು ಅಂತ ಕೋರ್ಟಿನ ಅಪೀಲು ವಾಪಸ್ ತಗೋಬೇಕಾ? ಸಹಿ ಹಾಕೋ ಮುಂಚೆ ಇದನ್ನ ಓದಿ

ಹುಣಸೂರು: ಹೋದ ವಾರ ಬಸ್ ಸ್ಟ್ಯಾಂಡ್ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಪರಿಚಯದ ಅಣ್ಣ ಒಬ್ಬರು ಕರೆದು ಕೂರಿಸಿ, ಟೀ ತರಿಸಿ, ಒಂದು ಕಾಗದ ಮುಂದಿಟ್ಟರು. "ನೀನು ಸುದ್ದಿ ಬರೆಯೋನು ಅಲ್ವೇನಪ್ಪ, ಇದೇನು ಅಂತ ಸ್ವಲ್ಪ ನೋಡಿ ಹೇಳು. ನಾಳೆ ಸಹಿ ಹಾಕಿ ಕಳಿಸಿ ಅಂತಾರೆ." ನೋಡಿದರೆ ಅದು ಅಪೀಲು ವಾಪಸ್ ಪಡೆಯುವ ಮೆಮೊ. ಎರಡೇ ಸಾಲು. "ಅಪೀಲುದಾರರು ಈ ಅಪೀಲನ್ನು ಹಿಂಪಡೆಯುತ್ತಾರೆ" ಅಂತ ಇದೆ, ಕೆಳಗೆ ಸಹಿಗೆ ಜಾಗ ಬಿಟ್ಟಿದ್ದಾರೆ. ಅಷ್ಟೇ.

ಹಿಂದಿನ ಕಥೆ ಇದು. ಅಣ್ಣ ಒಂದು ಕಂಪನಿಯ ಡೀಲರ್ ಆಗಿದ್ದರು. 3 ಲಕ್ಷ ಡಿಪಾಸಿಟ್ ಕಟ್ಟಿದ್ದರು, 2.6 ಲಕ್ಷ ಕಮಿಷನ್ ಬರಬೇಕಿತ್ತು. ಕಂಪನಿ ಎರಡನ್ನೂ ಕೊಡಲಿಲ್ಲ, ಕೇಸ್ ಆಯ್ತು. ಕೆಳಗಿನ ಕೋರ್ಟ್ ಡಿಪಾಸಿಟ್ ವಾಪಸ್ ಕೊಡಿ ಅಂತ ಡಿಕ್ರಿ ಮಾಡಿತು, ಕಮಿಷನ್‌ಗೆ ದಾಖಲೆ ಸಾಲದು ಅಂತ ಬಿಟ್ಟುಬಿಟ್ಟಿತು. ಬಿಟ್ಟುಹೋದ ಕಮಿಷನ್‌ಗೆ ಅಣ್ಣ ಅಪೀಲು ಹಾಕಿದರು. ಅಷ್ಟರಲ್ಲಿ ಆ ಕಂಪನಿ ಮೇಲೆ ಬೆಂಗಳೂರಿನ ಎನ್‌ಸಿಎಲ್‌ಟಿಯಲ್ಲಿ ದಿವಾಳಿ ಪ್ರಕ್ರಿಯೆ ಶುರುವಾಯ್ತು. "ಇನ್ನು ಈ ಕೋರ್ಟಲ್ಲಿ ಏನೂ ಆಗಲ್ಲ, ಅಪೀಲು ವಾಪಸ್ ತಗೊಂಡು ಅಲ್ಲಿ ಹೋಗಿ ಕೇಳೋಣ" ಅಂತ ಯಾರೋ ಹೇಳಿದ್ದಾರೆ.

ನಾನು ಲಾ ಓದಿದವನಲ್ಲ, ಡಿಗ್ರಿನೇ ಮುಗಿಸಿಲ್ಲ. ಆದ್ರೆ ಎರಡು ದಿನ ಕೂತು ಕಾಯ್ದೆ, ತೀರ್ಪು ಓದಿ, ವಕೀಲರನ್ನ ಕೇಳಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದೀನಿ. ಯಾಕಂದ್ರೆ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲಿ ಬೆಂಗಳೂರಿನ ಕಂಪನಿಗಳಿಗೆ ಡಿಪಾಸಿಟ್ ಕಟ್ಟಿದ ಡೀಲರ್‌ಗಳು, ಸರಕು ಕೊಟ್ಟು ಬಿಲ್ ಹಿಡ್ಕೊಂಡು ಕೂತವರು, ಆನ್‌ಲೈನ್ ಕೋರ್ಸ್‌ಗೆ ದುಡ್ಡು ಕಟ್ಟಿದ ಅಪ್ಪ ಅಮ್ಮಂದಿರು ಇದ್ದೇ ಇದ್ದಾರೆ.

ಮೊದಲು ಇದು ಏನು ಅಂತ ನೋಡೋಣ. 2016ರಲ್ಲಿ ಬಂದ ದಿವಾಳಿ ಸಂಹಿತೆ ಪ್ರಕಾರ, ಬಾಕಿ ಕಟ್ಟದ ಕಂಪನಿ ಮೇಲೆ ಸಾಲ ಕೊಟ್ಟವರು ಎನ್‌ಸಿಎಲ್‌ಟಿಗೆ, ಅಂದ್ರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ, ಅರ್ಜಿ ಹಾಕಬಹುದು. ಅರ್ಜಿ ಅಂಗೀಕಾರ ಆದ ದಿನವೇ ಕಂಪನಿ ಮಾಲೀಕರ ಕೈಯಿಂದ ಆಡಳಿತ ಹೋಗುತ್ತೆ. ಮಂಡಳಿ ನೇಮಿಸಿದ ರೆಸಲ್ಯೂಷನ್ ಪ್ರೊಫೆಷನಲ್ ಬಂದು ಬೀಗದ ಕೈ ತಗೋತಾರೆ. ಎಲ್ಲರೂ ಆರ್‌ಪಿ ಅಂತಾರೆ, ನಾನೂ ಹಾಗೇ ಬರೀತೀನಿ. ಅವರು ಯಾರ್ಯಾರಿಗೆ ಎಷ್ಟು ಬಾಕಿ ಅಂತ ಪಟ್ಟಿ ಮಾಡ್ತಾರೆ. ಬ್ಯಾಂಕುಗಳಂಥ ಹಣಕಾಸು ಸಾಲ ಕೊಟ್ಟವರು ಸೇರಿ ಒಂದು ಸಮಿತಿ ಆಗುತ್ತೆ. ಕಂಪನಿಯನ್ನ ಬೇರೆಯವರಿಗೆ ಕೊಟ್ಟು ಉಳಿಸೋದಾ, ಮಾರಿ ಮುಗಿಸೋದಾ ಅಂತ ಆ ಸಮಿತಿಯೇ ಮತ ಹಾಕಿ ನಿರ್ಧರಿಸುತ್ತೆ.

ಅದೇ ದಿನದಿಂದ ಸೆಕ್ಷನ್ 14ರ ಮೊರಟೋರಿಯಂ ಜಾರಿಗೆ ಬರುತ್ತೆ. ಕಂಪನಿ ವಿರುದ್ಧ ಹೊಸ ಕೇಸ್ ಹಾಕೋ ಹಾಗಿಲ್ಲ, ಇರೋ ಕೇಸ್ ಮುಂದುವರಿಸೋ ಹಾಗಿಲ್ಲ, ಡಿಕ್ರಿ ಇದ್ರೂ ಜಪ್ತಿ ಮಾಡೋ ಹಾಗಿಲ್ಲ. ಗ್ರಾಹಕರ ಆಯೋಗದ ಕೇಸಿಗೂ ಇದೇ ಗತಿ. ಅಣ್ಣನ ಅಪೀಲು ನಿಂತಿದ್ದು ಇದಕ್ಕೇ.

ಆದ್ರೆ ನಿಲ್ಲೋದು ಬೇರೆ, ಸಾಯೋದು ಬೇರೆ. ಮೊರಟೋರಿಯಂ ಕೇಸನ್ನ ವಜಾ ಮಾಡಲ್ಲ, ಇದ್ದಲ್ಲೇ ನಿಲ್ಲಿಸುತ್ತೆ. ಹೊಸ ಕೇಸ್ ಹಾಕೋಕೆ ಕಾಲಮಿತಿ ಮೀರಿ ಹೋಗುತ್ತಲ್ಲ ಅನ್ನೋ ಭಯಕ್ಕೂ ಕಾಯ್ದೆಯಲ್ಲೇ ಉತ್ತರ ಇದೆ. ಸೆಕ್ಷನ್ 60(6) ಪ್ರಕಾರ ಮೊರಟೋರಿಯಂ ಇದ್ದಷ್ಟು ದಿನ ಕಾಲಮಿತಿ ಲೆಕ್ಕಕ್ಕೆ ಬರಲ್ಲ.

ಇನ್ನೊಂದು ಮುಖ್ಯ ವಿಷಯ. ಆರ್‌ಪಿ ಹತ್ತಿರ ಕ್ಲೇಮ್ ಹಾಕೋಕೆ ಕೋರ್ಟಿನ ಅಪೀಲು ವಾಪಸ್ ತಗೋಬೇಕು ಅನ್ನೋ ಷರತ್ತು ಇಲ್ಲ. ಅಪೀಲು ಅಲ್ಲಿ ನಿಂತಿರಲಿ, ಕ್ಲೇಮ್ ಇಲ್ಲಿ ಹಾಕಿ. ಕ್ಲೇಮ್ ಫಾರಂನಲ್ಲೇ ಈ ಬಾಕಿ ಬಗ್ಗೆ ಕೇಸ್ ಇದೆಯಾ, ಆದೇಶ ಆಗಿದೆಯಾ ಅಂತ ಬರೆಯೋಕೆ ಜಾಗ ಇದೆ. ಅಂದ್ರೆ ಕೇಸ್ ಬಾಕಿ ಇರುವವರೂ ಬರ್ತಾರೆ ಅಂತ ನಿಯಮ ಬರೆದವರಿಗೇ ಗೊತ್ತಿತ್ತು.

ವಾಪಸ್ ತಗೊಂಡ್ರೆ ಏನಾಗುತ್ತೆ?

ಅಪೀಲು ವಾಪಸ್ ತಗೊಂಡ್ರೆ ಕೆಳಗಿನ ಕೋರ್ಟಿನ ತೀರ್ಪೇ ಅಂತಿಮ. ಅಣ್ಣನ ಲೆಕ್ಕದಲ್ಲಿ 3 ಲಕ್ಷದ ಡಿಕ್ರಿ ಉಳಿಯುತ್ತೆ, 2.6 ಲಕ್ಷ ಕಮಿಷನ್ ಕೇಳೋ ಹಕ್ಕು ಹೋಗುತ್ತೆ. ಆಮೇಲೆ ಆರ್‌ಪಿ ಮುಂದೆ ಕಮಿಷನ್ ಕೇಳಿದ್ರೆ, "ಕೋರ್ಟ್ ಇದನ್ನ ತಿರಸ್ಕರಿಸಿದೆ, ನೀವೇ ಅಪೀಲು ಬಿಟ್ಟಿದ್ದೀರಿ" ಅಂತ ಒಂದೇ ಸಾಲಲ್ಲಿ ಮುಗಿಸ್ತಾರೆ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ದಿವಾಳಿ ಪ್ರಕ್ರಿಯೆ ಶುರುವಾಗಿದ್ದು ಹಾಗೇ ಮುಂದುವರಿಯುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಮಧ್ಯದಲ್ಲಿ ರಾಜಿ ಆಗಿ ಅಥವಾ ಮೇಲಿನ ಮಂಡಳಿಯ ಆದೇಶದಿಂದ ಅದು ರದ್ದಾದರೆ ಮೊರಟೋರಿಯಂ ಹೋಗುತ್ತೆ, ಕಂಪನಿ ಹಳೇ ಮಾಲೀಕರ ಕೈಗೆ ಬರುತ್ತೆ. ಆಗ ನಿಂತಿದ್ದ ಕೇಸುಗಳೆಲ್ಲ ಮತ್ತೆ ನಡೆಯೋಕೆ ಶುರು. ನಿಮ್ಮದು ಮಾತ್ರ ನಡೆಯಲ್ಲ, ಯಾಕಂದ್ರೆ ನೀವು ವಾಪಸ್ ತಗೊಂಡಾಗಿದೆ.

ಇದು ಬರೀ ಕಲ್ಪನೆ ಅಲ್ಲ, ನಮ್ಮ ರಾಜ್ಯದ್ದೇ ಎರಡು ಉದಾಹರಣೆ ಇವೆ.

ಒಂದು ಕಾಫಿ ಡೇ. ಚಿಕ್ಕಮಗಳೂರಿನ ಕಾಫಿ ತೋಟದಿಂದ ಬೆಳೆದ ಗುಂಪು. ಅದರ ಮಾತೃ ಕಂಪನಿ ಕಾಫಿ ಡೇ ಎಂಟರ್‌ಪ್ರೈಸಸ್ ಮೇಲೆ ಐಡಿಬಿಐ ಟ್ರಸ್ಟಿಶಿಪ್ ಸರ್ವೀಸಸ್ 228.45 ಕೋಟಿ ಬಾಕಿ ಅಂತ ಅರ್ಜಿ ಹಾಕಿತ್ತು. 2024ರ ಆಗಸ್ಟ್ 8ಕ್ಕೆ ಬೆಂಗಳೂರು ಎನ್‌ಸಿಎಲ್‌ಟಿ ದಿವಾಳಿ ಪ್ರಕ್ರಿಯೆಗೆ ಆದೇಶ ಮಾಡಿತು. ಆಗಸ್ಟ್ 14ಕ್ಕೆ ಚೆನ್ನೈನ ಮೇಲ್ಮನವಿ ಮಂಡಳಿ ತಡೆ ಕೊಟ್ಟಿತು. ಆರು ದಿನ! 2025ರ ಫೆಬ್ರವರಿ 27ಕ್ಕೆ ಆ ಮಂಡಳಿ ದಿವಾಳಿ ಆದೇಶವನ್ನೇ ರದ್ದು ಮಾಡಿತು. ಆ ಆರು ದಿನದಲ್ಲಿ ಯಾರಾದ್ರೂ ಹೆದರಿ ಬೇರೆ ಕೋರ್ಟಿನ ಕೇಸು ವಾಪಸ್ ತಗೊಂಡಿದ್ರೆ ಅವರ ಗತಿ ಏನು ಅಂತ ಯೋಚಿಸಿ.

ಎರಡನೇದು ಬೈಜೂಸ್. ಈ ಹೆಸರು ಕೇಳದ ಮನೆ ನಮ್ಮ ತಾಲ್ಲೂಕುಗಳಲ್ಲೂ ಕಡಿಮೆ. ಟೀವಿ ಜಾಹೀರಾತು, ಭಾರತ ಕ್ರಿಕೆಟ್ ತಂಡದ ಜೆರ್ಸಿ ಮೇಲೆ ಹೆಸರು. ಕಂಪನಿಯ ಕಾನೂನುಬದ್ಧ ಹೆಸರು ಥಿಂಕ್ ಅಂಡ್ ಲರ್ನ್, ಊರು ಬೆಂಗಳೂರು. ಆ ಜೆರ್ಸಿ ಪ್ರಾಯೋಜಕತ್ವದ ಬಾಕಿಗೇ ಬಿಸಿಸಿಐ ಎನ್‌ಸಿಎಲ್‌ಟಿ ಮೆಟ್ಟಿಲು ಹತ್ತಿತು. ಬಾಕಿ 158.9 ಕೋಟಿ. 2024ರ ಜುಲೈ 16ಕ್ಕೆ ಅರ್ಜಿ ಅಂಗೀಕಾರ ಆಯ್ತು.

ಸಂಸ್ಥಾಪಕ ಬೈಜು ರವೀಂದ್ರನ್ ಅವರ ತಮ್ಮ ರಿಜು ರವೀಂದ್ರನ್ ನಾನೇ ಬಿಸಿಸಿಐ ದುಡ್ಡು ಕಟ್ತೀನಿ ಅಂತ ಮುಂದೆ ಬಂದರು. ಆಗಸ್ಟ್ 2ಕ್ಕೆ ಮೇಲ್ಮನವಿ ಮಂಡಳಿ ರಾಜಿ ಒಪ್ಪಿ ದಿವಾಳಿ ಪ್ರಕ್ರಿಯೆ ರದ್ದು ಮಾಡಿತು. ಆದ್ರೆ ಬೈಜೂಸ್‌ಗೆ 120 ಕೋಟಿ ಡಾಲರ್ ಸಾಲ ಕೊಟ್ಟ ವಿದೇಶಿ ಸಾಲಗಾರ ಸಂಸ್ಥೆಗಳ ಪರವಾಗಿ ಗ್ಲಾಸ್ ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯ್ತು. ಆಗಸ್ಟ್ 14ಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ದಿವಾಳಿ ಪ್ರಕ್ರಿಯೆಗೆ ಮತ್ತೆ ಜೀವ ಬಂತು. ಆಗಸ್ಟ್ 21ಕ್ಕೆ ಸಾಲ ಕೊಟ್ಟವರ ಸಮಿತಿಯೂ ರಚನೆ ಆಯ್ತು. ಅಕ್ಟೋಬರ್ 23ಕ್ಕೆ ಅಂತಿಮ ತೀರ್ಪು ಬಂತು, ಮೇಲ್ಮನವಿ ಮಂಡಳಿಯ ಆದೇಶ ಹೋಯ್ತು. ಒಮ್ಮೆ ಅಂಗೀಕಾರ ಆದ ಮೇಲೆ ಅದು ಅರ್ಜಿದಾರ ಮತ್ತು ಕಂಪನಿ ಇಬ್ಬರ ಮಧ್ಯದ ವಿಷಯ ಅಲ್ಲ, ಬಾಕಿ ಇರುವ ಎಲ್ಲರ ವಿಷಯ, ವಾಪಸ್ ಪಡೆಯೋಕೆ ಕಾಯ್ದೆಯಲ್ಲಿ ಹೇಳಿದ ದಾರಿಯಲ್ಲೇ ಬರಬೇಕು ಅನ್ನೋದು ತೀರ್ಪಿನ ತಿರುಳು.

ಆ ದಾರಿ ಸೆಕ್ಷನ್ 12ಎ. 2018ರ ಜೂನ್ 6ರಿಂದ ಇದೆ. ಅರ್ಜಿ ಹಾಕಿದವರು ಆರ್‌ಪಿ ಮೂಲಕ ಎನ್‌ಸಿಎಲ್‌ಟಿಗೆ ಬರಬೇಕು, ಸಮಿತಿ ಆದ ಮೇಲಾದ್ರೆ 90 ಪರ್ಸೆಂಟ್ ಮತ ಬೇಕು. ನಮ್ಮ ಅರ್ಜಿ ಸಮಿತಿ ಆಗೋ ಮುಂಚಿನದು, ಮತ ಬೇಡ ಅಂತ ಬಿಸಿಸಿಐ ವಾದಿಸಿತು. 2025ರ ಫೆಬ್ರವರಿಯಲ್ಲಿ ಎನ್‌ಸಿಎಲ್‌ಟಿ ಒಪ್ಪಲಿಲ್ಲ, ಏಪ್ರಿಲ್‌ನಲ್ಲಿ ಮೇಲ್ಮನವಿ ಮಂಡಳಿ ಒಪ್ಪಲಿಲ್ಲ, ಜುಲೈ 21ಕ್ಕೆ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಬಿಸಿಸಿಐನಂಥ ದುಡ್ಡಿರೋ ಸಂಸ್ಥೆಗೇ, ಬಾಕಿ ಪೂರ್ತಿ ಕೊಡೋಕೆ ಜನ ಸಿದ್ಧ ಇದ್ದಾಗಲೂ, ಒಂದು ವರ್ಷ ಕಳೆದರೂ ಹೊರಗೆ ಬರೋಕೆ ಆಗಲಿಲ್ಲ.

ಇಲ್ಲಿ ಎರಡು "ವಾಪಸ್" ಇವೆ, ಜನ ಕಲಸಿಕೊಳ್ತಾರೆ. ನಿಮ್ಮ ಅಪೀಲು ನೀವು ವಾಪಸ್ ತಗೊಳ್ಳೋಕೆ ಎರಡು ಸಾಲಿನ ಮೆಮೊ ಸಾಕು. ದಿವಾಳಿ ಅರ್ಜಿ ವಾಪಸ್ ತಗೊಳ್ಳೋಕೆ ಊರೆಲ್ಲ ಒಪ್ಪಬೇಕು. "ರಾಜಿ ಆಗ್ತಿದೆ, ನಿಮ್ಮ ಕೇಸ್ ಬಿಡಿ, ದಿವಾಳಿ ಅರ್ಜಿನೂ ಹೋಗುತ್ತೆ, ದುಡ್ಡು ಕೊಡ್ತೀವಿ" ಅಂತ ಕಂಪನಿ ಕಡೆಯವರು ಹೇಳಿದ್ರೆ ಈ ವ್ಯತ್ಯಾಸ ನೆನಪಿರಲಿ. ಕೊಡೋ ಅಧಿಕಾರ ಆಗ ಅವರ ಕೈಯಲ್ಲೇ ಇರಲ್ಲ.

ಹಾಗಾದ್ರೆ ವಾಪಸ್ ತಗೊಳ್ಳೋದೇ ತಪ್ಪಾ? ಅಲ್ಲ. ಒಂದು ಸಂದರ್ಭದಲ್ಲಿ ಅದು ಬುದ್ಧಿವಂತಿಕೆ. ತಕರಾರು ಇರುವ ಬಾಕಿಯನ್ನ ಆರ್‌ಪಿ ಬರೀ 1 ರೂಪಾಯಿ ಅಂತ ಪಟ್ಟಿಗೆ ಸೇರಿಸೋದು ಉಂಟು. ಎಸ್ಸಾರ್ ಸ್ಟೀಲ್ ಕೇಸಲ್ಲಿ 2019ರ ನವೆಂಬರ್ 15ಕ್ಕೆ ಸುಪ್ರೀಂ ಕೋರ್ಟ್ ಇಂಥ 1 ರೂಪಾಯಿ ಲೆಕ್ಕವನ್ನ ಒಪ್ಪಿತ್ತು. ಹಾಗಾಗಿ ಕೆಳಗಿನ ಕೋರ್ಟಲ್ಲಿ ನಿಮಗೆ 90 ಭಾಗ ಸಿಕ್ಕಿದೆ, ಅಪೀಲು ಬರೀ ಬಡ್ಡಿ ದರ ಜಾಸ್ತಿ ಮಾಡೋಕೆ ಅಂತಿದ್ರೆ, ಅಪೀಲು ಬಿಟ್ಟು "ನನ್ನ ಡಿಕ್ರಿ ಅಂತಿಮ, ತಕರಾರು ಇಲ್ಲ" ಅಂತ ಕ್ಲೇಮ್ ಹಾಕೋದೇ ವಾಸಿ. ಅಣ್ಣನ ಕೇಸಲ್ಲಿ ಅಪೀಲಿನಲ್ಲಿ ಇರೋದು ಹೆಚ್ಚುಕಮ್ಮಿ ಅರ್ಧ ದುಡ್ಡು. ಅದನ್ನ ಬಿಡೋದು ನನಗಂತೂ ಸರಿ ಕಾಣಲಿಲ್ಲ.

ಬಿಡಲೇಬೇಕು ಅಂದ್ರೂ ಎರಡು ಸಾಲಿನ ಮೆಮೊ ಸಾಲದು. ದಿವಾಳಿ ಪ್ರಕ್ರಿಯೆ ರದ್ದಾದ್ರೆ ಅಥವಾ ವಾಪಸಾದ್ರೆ ಈ ಅಪೀಲನ್ನ ಮತ್ತೆ ಜೀವಂತ ಮಾಡಿಕೊಳ್ಳೋ ಸ್ವಾತಂತ್ರ್ಯ ಉಳಿಸಿಕೊಂಡು ಹಿಂಪಡೆಯುತ್ತೇನೆ ಅಂತ ಬರೆಸಿ. ಬರೆಸಿದ್ರೂ ಸಾಲದು, ಕೋರ್ಟಿನ ಆದೇಶದಲ್ಲಿ ಆ ಮಾತು ಬರಬೇಕು. ಆದೇಶದ ಪ್ರತಿ ತಗೊಂಡು ಓದಿ. ಇದಕ್ಕಿಂತ ಸುಲಭ ದಾರಿ, ವಾಪಸ್ ಬದಲು ಮೊರಟೋರಿಯಂ ಮುಗಿಯೋವರೆಗೆ ಅಪೀಲು ಮುಂದೂಡಿ ಅಂತ ಕೇಳೋದು. ಗ್ರಾಹಕರ ಆಯೋಗದ ಕೇಸಾದ್ರೆ ಇನ್ನೊಂದು ಲೆಕ್ಕ ಇದೆ. ನಿಮ್ಮ ಪರ ಆದ ಆದೇಶದ ಮೇಲೆ ಕಂಪನಿ ರಾಜ್ಯ ಆಯೋಗಕ್ಕೆ ಅಪೀಲು ಹೋಗಬೇಕಾದ್ರೆ ಅರ್ಧ ದುಡ್ಡು ಠೇವಣಿ ಇಡಬೇಕು. ಏನೇ ಸಹಿ ಹಾಕೋ ಮುಂಚೆ ಆ ಠೇವಣಿ ಏನಾಗುತ್ತೆ ಅಂತ ವಕೀಲರನ್ನ ಬಾಯಿಬಿಟ್ಟು ಕೇಳಿ.

ಕ್ಲೇಮ್ ಹಾಕೋದು ಹೇಗೆ?

ಆರ್‌ಪಿ ನೇಮಕ ಆದ ಮೇಲೆ ಒಂದು ಇಂಗ್ಲಿಷ್, ಒಂದು ಸ್ಥಳೀಯ ಭಾಷೆ ಪತ್ರಿಕೇಲಿ ಪ್ರಕಟಣೆ ಬರುತ್ತೆ. ಕಂಪನಿಯ ಕಚೇರಿ ಇರೋ ಊರಿನ ಲೆಕ್ಕದಲ್ಲಿ ಹಾಕೋದ್ರಿಂದ ಮೈಸೂರು ಆವೃತ್ತಿಯಲ್ಲಿ ಕಾಣದೇ ಇರಬಹುದು. ದಿವಾಳಿ ಮಂಡಳಿ ಐಬಿಬಿಐನ ವೆಬ್‌ಸೈಟಲ್ಲಿ ಪಬ್ಲಿಕ್ ಅನೌನ್ಸ್‌ಮೆಂಟ್ ಅನ್ನೋ ಜಾಗದಲ್ಲಿ ಕಂಪನಿ ಹೆಸರು ಹಾಕಿ ಹುಡುಕಿದ್ರೆ ಆರ್‌ಪಿ ಹೆಸರು, ಇಮೇಲ್, ಕೊನೇ ದಿನಾಂಕ ಎಲ್ಲ ಸಿಗುತ್ತೆ. ಕ್ಲೇಮ್‌ಗೆ ಶುಲ್ಕ ಇಲ್ಲ. ಬೆಂಗಳೂರಿಗೆ ಹೋಗಬೇಕಾಗಿಲ್ಲ, ಇಮೇಲಲ್ಲಿ ಕಳಿಸಬಹುದು.

ಸರಕು ಕೊಟ್ಟವರು, ಕೆಲಸ ಮಾಡಿಕೊಟ್ಟವರಿಗೆ ಫಾರಂ ಬಿ. ಹಣಕಾಸು ಸಾಲ ಕೊಟ್ಟವರಿಗೆ ಫಾರಂ ಸಿ. ಸಂಬಳ ಬಾಕಿ ಇರೋ ನೌಕರರಿಗೆ ಫಾರಂ ಡಿ. ಇದ್ಯಾವುದಕ್ಕೂ ಸೇರದವರಿಗೆ ಫಾರಂ ಎಫ್. ಬಿಲ್, ಲೆಡ್ಜರ್, ಬ್ಯಾಂಕ್ ಸ್ಟೇಟ್‌ಮೆಂಟ್, ಡಿಕ್ರಿ ಇದ್ದರೆ ಅದರ ಪ್ರತಿ ಇಡಬೇಕು. ಬಡ್ಡಿ ಲೆಕ್ಕ ದಿವಾಳಿ ಪ್ರಕ್ರಿಯೆ ಶುರುವಾದ ದಿನದವರೆಗೆ ಮಾತ್ರ.

ಡೀಲರ್ ಡಿಪಾಸಿಟ್ ಯಾವ ಫಾರಂ? ಇದರಲ್ಲಿ ದೊಡ್ಡ ವ್ಯತ್ಯಾಸ ಇದೆ. ಬಿಯರ್ ಕಂಪನಿಯೊಂದಕ್ಕೆ ಮಾರಾಟ ಪ್ರಚಾರಕರು ಕೊಟ್ಟ ಡಿಪಾಸಿಟ್‌ಗೆ ವರ್ಷಕ್ಕೆ 21 ಪರ್ಸೆಂಟ್ ಬಡ್ಡಿ ಕೊಡ್ತೀವಿ ಅಂತ ಒಪ್ಪಂದ ಇತ್ತು. ಅದು ಹಣಕಾಸು ಸಾಲವೇ ಅಂತ 2024ರ ಏಪ್ರಿಲ್ 25ಕ್ಕೆ ಸುಪ್ರೀಂ ಕೋರ್ಟ್ ಹೇಳಿದೆ. ಹಣಕಾಸು ಸಾಲ ಅಂದ್ರೆ ಸಮಿತಿಯಲ್ಲಿ ಮತ, ಸರದಿಯಲ್ಲೂ ಮುಂದಿನ ಜಾಗ. ಹಾಗಾಗಿ ನಿಮ್ಮ ಡೀಲರ್ ಒಪ್ಪಂದದಲ್ಲಿ ಡಿಪಾಸಿಟ್‌ಗೆ ಬಡ್ಡಿ ಅಂತ ಇದೆಯಾ ನೋಡಿ. ಅಣ್ಣನ ಒಪ್ಪಂದ ಅಂಗಡಿ ಗಲ್ಲಾಪೆಟ್ಟಿಗೆ ಕೆಳಗೆ, ಹಳೇ ಪಂಚಾಂಗದ ಜೊತೆ ಸಿಕ್ಕಿತು. ನಾಲ್ಕನೇ ಪುಟದಲ್ಲಿ ಬಡ್ಡಿ ಇದೆ.

ಕೊನೇ ದಿನಾಂಕ ಸಾಮಾನ್ಯವಾಗಿ ಆರ್‌ಪಿ ನೇಮಕದಿಂದ 14 ದಿನ. ತಪ್ಪಿಹೋದ್ರೂ, ಪ್ರಕ್ರಿಯೆ ಶುರುವಾಗಿ 90 ದಿನ ಅಥವಾ ಖರೀದಿದಾರರಿಂದ ಯೋಜನೆ ಕರೆಯೋ ದಿನ, ಯಾವುದು ಆಮೇಲೆ ಬರುತ್ತೋ ಅಲ್ಲಿವರೆಗೆ ಹಾಕಬಹುದು. ಅದೂ ದಾಟಿದ್ರೆ ಎನ್‌ಸಿಎಲ್‌ಟಿಯ ದಯೆ. ಕ್ಲೇಮ್ ಹಾಕದೇ ಕೂತು, ಕಂಪನಿಯನ್ನ ಬೇರೆಯವರು ತಗೊಳ್ಳೋ ಯೋಜನೆಗೆ ಮಂಡಳಿ ಒಪ್ಪಿಗೆ ಬಿತ್ತು ಅಂದ್ರೆ, ಆ ಯೋಜನೇಲಿ ಇಲ್ಲದ ಹಳೇ ಬಾಕಿ ಎಲ್ಲ ಅಳಿಸಿಹೋಗುತ್ತೆ. 2021ರ ಏಪ್ರಿಲ್ 13ಕ್ಕೆ ಘನಶ್ಯಾಮ್ ಮಿಶ್ರಾ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಖಡಾಖಂಡಿತ ಹೇಳಿದೆ. ಆಮೇಲೆ ನಿಂತಿದ್ದ ಅಪೀಲು ಗೆದ್ದರೂ ಪ್ರಯೋಜನ ಇಲ್ಲ. ಅಪೀಲು ಉಳಿಸ್ಕೊಳ್ಳಿ ಅಂದಿದ್ದು ಕ್ಲೇಮ್ ಬದಲಿಗೆ ಅಲ್ಲ, ಕ್ಲೇಮ್ ಜೊತೆಗೆ.

ಆರ್‌ಪಿ ಕ್ಲೇಮ್ ತಿರಸ್ಕರಿಸಿದ್ರೆ ಎನ್‌ಸಿಎಲ್‌ಟಿಗೆ ಅರ್ಜಿ, ಅಲ್ಲೂ ಆಗದಿದ್ರೆ 30 ದಿನದೊಳಗೆ ಚೆನ್ನೈ ಮೇಲ್ಮನವಿ ಮಂಡಳಿ. ಖರ್ಚು ನೋಡ್ಕೊಂಡು ಹೋಗಿ.

ದುಡ್ಡು ಬರುತ್ತಾ? ಇದ್ದಿದ್ದನ್ನ ಹೇಳ್ಬೇಕು. ಕಂಪನಿ ಮಾರಿ ಮುಗಿಸಿದ್ರೆ ಸರದಿಯಲ್ಲಿ ಮೊದಲು ಪ್ರಕ್ರಿಯೆಯ ಖರ್ಚು, ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಇರುವ ಬ್ಯಾಂಕುಗಳು, ಆಮೇಲೆ ನೌಕರರ 12 ತಿಂಗಳ ಸಂಬಳ, ಆಮೇಲೆ ಅಡಮಾನ ಇಲ್ಲದ ಹಣಕಾಸು ಸಾಲ, ಆಮೇಲೆ ಸರ್ಕಾರದ ತೆರಿಗೆ. ಸರಕು ಕೊಟ್ಟ ಅಂಗಡಿಯವರು ಅದಾದ ಮೇಲೆ. ಸಂತೆ ಮುಗಿದ ಮೇಲೆ ಬುಟ್ಟಿ ತಳದಲ್ಲಿ ಉಳಿದಷ್ಟು.

ಅದಕ್ಕೇ ಬೇರೆ ಬಾಗಿಲು ಮುಚ್ಚಿಲ್ಲ ಅನ್ನೋದು ಗೊತ್ತಿರಬೇಕು. ಕಂಪನಿ ಕೊಟ್ಟ ಚೆಕ್ ಬೌನ್ಸ್ ಆಗಿದ್ರೆ, ಕಂಪನಿ ಮೇಲಿನ ಕೇಸ್ ನಿಲ್ಲುತ್ತೆ ನಿಜ, ಆದ್ರೆ ಚೆಕ್‌ಗೆ ಸಹಿ ಹಾಕಿದವರು, ಹೊಣೆ ಇರುವ ಡೈರೆಕ್ಟರ್‌ಗಳ ಮೇಲಿನ ಕೇಸ್ ನಿಲ್ಲಲ್ಲ. 2021ರ ಮಾರ್ಚ್ 1ರ ಸುಪ್ರೀಂ ಕೋರ್ಟ್ ತೀರ್ಪು ಇದೆ. ನಿಮ್ಮ ಬಾಕಿಗೆ ಯಾರಾದ್ರೂ ಜಾಮೀನು ಹಾಕಿದ್ರೆ ಅವರಿಗೂ ಕಂಪನಿಯ ಮೊರಟೋರಿಯಂ ರಕ್ಷಣೆ ಇಲ್ಲ. ಅಪೀಲು ವಾಪಸ್ ಮೆಮೊ ಹಾಕೋವಾಗ ಕಂಪನಿ ಜೊತೆ ಡೈರೆಕ್ಟರ್, ಜಾಮೀನುದಾರರ ಹೆಸರೂ ಸೇರಿ ಎಲ್ಲರ ಮೇಲಿನ ಕೇಸೂ ಹೋಗಿಬಿಡುತ್ತಾ ಅಂತ ನೋಡಿ.

ಕೆಲವರು ಕಂಪನಿ ಸ್ಟಾಕ್ ನಮ್ಮ ಗೋಡೌನಲ್ಲೇ ಇದೆ, ಮಾರಿ ಸರಿಮಾಡ್ಕೋತೀವಿ ಅಂತಾರೆ. ಹುಷಾರು. ದಿವಾಳಿ ಪ್ರಕ್ರಿಯೆ ನಡೆಯುವಾಗ ನಾವು ಕೊಡೋದಕ್ಕೂ ಬರೋದಕ್ಕೂ ಮನಸ್ಸಿಗೆ ಬಂದ ಹಾಗೆ ವಜಾ ಹಾಕಿಕೊಳ್ಳೋ ಹಾಗಿಲ್ಲ ಅಂತ 2024ರ ಜನವರಿ 3ಕ್ಕೆ ಏರ್‌ಟೆಲ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲೇ ಒಪ್ಪಂದದಿಂದ ಆಗಿದ್ದ ಹೊಂದಾಣಿಕೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ.

ಇದೆಲ್ಲ ಕಂಪನಿ ಮತ್ತು ಎಲ್‌ಎಲ್‌ಪಿಗೆ. ಚುಂಚನಕಟ್ಟೆ ಸಕ್ಕರೆ ಕಾರ್ಖಾನೆಯಂಥ ಸಹಕಾರಿ ಸಂಸ್ಥೆ ಬಾಕಿ ಇದ್ರೆ ಅದಕ್ಕೆ ಸಹಕಾರ ಕಾಯ್ದೆಯ ದಾರಿ. ಹೆಚ್ಚು ಬಡ್ಡಿ ಆಸೆ ತೋರಿಸಿ ಡಿಪಾಸಿಟ್ ತಗೊಂಡು ಮುಳುಗಿಸಿದವರ ಮೇಲೆ 2004ರ ಠೇವಣಿದಾರರ ಹಿತರಕ್ಷಣೆ ಕಾಯ್ದೆ ಇದೆ. ಇನ್ನು, ಸಣ್ಣ ಬಾಕಿಗೆ ನಾವೇ ಎನ್‌ಸಿಎಲ್‌ಟಿಗೆ ಹೋಗಿ ದಿವಾಳಿ ಅರ್ಜಿ ಹಾಕ್ತೀವಿ ಅಂದ್ರೆ ಆಗಲ್ಲ. 2020ರ ಮಾರ್ಚ್ 24ರಿಂದ ಕನಿಷ್ಠ 1 ಕೋಟಿ ಬಾಕಿ ಇರಬೇಕು, ಮುಂಚೆ 1 ಲಕ್ಷ ಇತ್ತು. ಬೇರೆಯವರು ಶುರು ಮಾಡಿದ ಪ್ರಕ್ರಿಯೇಲಿ ಕ್ಲೇಮ್ ಹಾಕೋಕೆ ಮಾತ್ರ ಕನಿಷ್ಠ ಮೊತ್ತ ಅಂತ ಇಲ್ಲ, 5 ಸಾವಿರ ಇದ್ರೂ ಹಾಕಬಹುದು.

ಅಣ್ಣ ಮೆಮೊಗೆ ಸಹಿ ಹಾಕಲಿಲ್ಲ. ವಕೀಲರ ಹತ್ತಿರ ಹೋಗಿ ಕೂತು ಮಾತಾಡಿದ ಮೇಲೆ ಅವರೂ ಮುಂದೂಡಿಕೆ ಅರ್ಜಿ ಹಾಕೋಣ ಅಂದ್ರು. ಡಿಪಾಸಿಟ್ 3 ಲಕ್ಷ ಬಡ್ಡಿ ಸಮೇತ ಫಾರಂ ಸಿಯಲ್ಲಿ, ಕಮಿಷನ್ 2.6 ಲಕ್ಷ ಅಪೀಲು ನಂಬರ್ ಬರೆದು ಫಾರಂ ಬಿಯಲ್ಲಿ, ಎರಡೂ ಸೋಮವಾರ ಸಂಜೆ ಸೈಬರ್ ಸೆಂಟರಿಂದ ಇಮೇಲ್ ಹೋಯ್ತು. 71ನೇ ದಿನ. ಬುಧವಾರ ಆರ್‌ಪಿ ಕಚೇರಿಯಿಂದ ತಲುಪಿದೆ ಅಂತ ಉತ್ತರ ಬಂದಿದೆ, ಮೂಲ ಒಪ್ಪಂದದ ಎಲ್ಲ ಪುಟ ಸ್ಕ್ಯಾನ್ ಮಾಡಿ ಕಳಿಸಿ ಅಂತ ಕೇಳಿದ್ದಾರೆ. ಪಂಚಾಂಗಕ್ಕೆ ಅಂಟಿಕೊಂಡಿದ್ದ ಕೊನೇ ಪುಟ ಬಿಡಿಸೋ ಕೆಲಸ ಇವತ್ತು ನಡೀತಿದೆ.